ನಿಮ್ಮ ಬಳಿ ಯಾವುದು?

1996ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ವಂಶಾವಳಿ ಹುಡುಕುವವರು ಒಂದೊಂದು ಕೌಂಟಿಯ ಪುಟವನ್ನು ಒಬ್ಬೊಬ್ಬ ಸ್ವಯಂಸೇವಕನಿಗೆ ವಹಿಸಿದರು. ಅದೇ ಬೆಳೆದು ಯುಎಸ್‌ಜೆನ್‌ವೆಬ್ ಆಯಿತು.

ಮುಂಬಯಿಯ ನಮ್ಮ ತುಳುನಾಡಿನವರಿಗಾಗಿ ನಾನೂ ಅಂಥದೊಂದು ಪುಟ ನೋಡಿಕೊಳ್ಳುತ್ತೇನೆ. ಬ್ಯಾಂಕಿನವನಿಗೆ ಲೆಡ್ಜರ್ ಹೊಸದಲ್ಲ ಬಿಡಿ. ಆದರೆ ಎಲ್ಲ ಫಾರಮ್ಮೂ ಕೇಳುವುದು ತಂದೆಯ ಹೆಸರು. ಅಳಿಯಸಂತಾನದವರಿಗೆ ಬಳಿ ಬರುವುದು ತಾಯಿಯಿಂದ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬದಲಿಸಿದ್ದು ಆಸ್ತಿಯ ಲೆಕ್ಕವನ್ನು, ಬಳಿಯನ್ನಲ್ಲ. ಹಾಗಾಗಿ ನನ್ನಲ್ಲಿ ಮೊದಲ ಕಾಲಂ ಬಳಿ, ಆಮೇಲೆ ತಾಯಿಯ ಮನೆ, ಊರು.

ಇಲ್ಲಿ ಬಂಟರ ಸಂಘ ಹುಟ್ಟಿದ್ದೇ 1927ರಲ್ಲಿ. ಅಷ್ಟು ತಲೆಮಾರು ದಾಟಿದ ಮೇಲೆ ಮಕ್ಕಳಿಗೆ ಪಿನ್‌ಕೋಡ್ ಗೊತ್ತು, ಬಳಿ ಗೊತ್ತಿಲ್ಲ. ಮೊದಲ ಕಾಲಮ್ಮೇ ಖಾಲಿ ಬರುತ್ತದೆ. ಅಜ್ಜಿ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ ಮಾರಾಯ್ರೆ.