ಕುಷ್ಟಗಿ ಮ್ಯಾಲಿನ ವಿಮಾನ, ಗಂಗಾವತಿಯ ಗಿರಣಿ ಮತ್ತು ಅಪ್ಪನ ಕಿವಿ

ಇಲ್ಲಿ ಬರೆಯದೆ ತಿಂಗಳುಗಳೇ ಆದವು. ಕೆಲಸದ ಒತ್ತಡ ಅಂತ ಹೇಳಬಹುದು, ಸೋಮಾರಿತನ ಅಂತಲೂ ಹೇಳಬಹುದು. ಎರಡನೆಯದೇ ಹೆಚ್ಚು ನಿಜ :-) ಇರಲಿ, ಈ ಸಲ ಊರಿಗೆ ಹೋಗಿ ಬಂದ ಮೇಲೆ ತಲೆಯಲ್ಲಿ ಒಂದು ವಿಷಯ ಕೊರೆಯುತ್ತಿದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಾನು ಹುಟ್ಟಿದ್ದು ಯಲಬುರ್ಗಾ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ, ಬೆಳೆದದ್ದು ಗಂಗಾವತಿಯಲ್ಲಿ. ಈಗ ಇರುವುದು ಅಮೆರಿಕದಲ್ಲಿ. ಎರಡು ವರ್ಷದಿಂದ ಶನಿವಾರ ಭಾನುವಾರ ಇಲ್ಲಿನ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಸೆಸ್ನಾ ಹಾರಿಸುವುದನ್ನು ಕಲಿಯುತ್ತಿದ್ದೇನೆ. "ಯಲಬುರ್ಗಾದವನಿಗೆ ವಿಮಾನದ ಹುಚ್ಚು ಎಲ್ಲಿಂದ ಬಂತೋ?" ಅಂತ ಗೆಳೆಯರು ಕೇಳುತ್ತಾರೆ. ನಾನು ಹೇಳುವುದು ಇಷ್ಟೇ: ಗಂಗಾವತಿಯ ಪಕ್ಕ ಅಂಜನಾದ್ರಿ ಇದೆ. ಜಗತ್ತಿನ ಮೊದಲ ಪೈಲಟ್ ನಮ್ಮ ತಾಲೂಕಿನವನೇ. ಲೈಸೆನ್ಸು ಬೇಕಿರಲಿಲ್ಲ, ಪೆಟ್ರೋಲು ಬೇಕಿರಲಿಲ್ಲ. ಸ್ವತಃ ವಾಯುಪುತ್ರ, ಹಾಗಾಗಿ ಗಾಳಿಯ ಸದ್ದಿಗೆ ಹೆಡ್‌ಸೆಟ್ಟೂ ಬೇಕಿರಲಿಲ್ಲ :-)

ನನಗೆ ಬೇಕಾಯಿತು. ಮೊದಲ ದಿನ ತರಬೇತಿ ಶಾಲೆಯವರ ಹಳೆಯ ಹೆಡ್‌ಸೆಟ್ ಹಾಕಿಕೊಂಡು ಒಂದು ಗಂಟೆ ಹಾರಿ ಇಳಿದಾಗ ಕಿವಿಯೊಳಗೆ 'ಕುಂಯ್' ಅಂತ ಸದ್ದು. ರಾತ್ರಿ ಮಲಗುವವರೆಗೂ ಹೋಗಲಿಲ್ಲ. ಆ ಸದ್ದು ನನಗೆ ಪರಿಚಯದ್ದು. ನಾನು ಕೇಳಿದ್ದಲ್ಲ, ಅಪ್ಪ ಹೇಳುತ್ತಿದ್ದದ್ದು. "ಕಿವ್ಯಾಗ ಜೀರುಂಡಿ ಕೂಗತಾವ" ಅನ್ನುತ್ತಿದ್ದರು. ಮರುವಾರವೇ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್ ಕೊಂಡೆ. ಅದರ ಇತಿಹಾಸ ಹುಡುಕುತ್ತಾ ಹೋದವನು ತಿರುಗಿ ನಮ್ಮೂರಿಗೇ ಬಂದು ನಿಂತೆ.

1932ರಿಂದ ಶುರು ಮಾಡೋಣ. ಆ ವರ್ಷ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತ ಪುಸ್ ಮಾತ್ ವಿಮಾನವನ್ನು ಅಹಮದಾಬಾದ್ ಮೇಲೆ ಮುಂಬಯಿಗೆ ತಂದದ್ದು ಎಲ್ಲರಿಗೂ ಗೊತ್ತು. ಅಹಮದಾಬಾದಿನಲ್ಲಿ ಎತ್ತಿನ ಗಾಡಿಯಲ್ಲಿ ಪೆಟ್ರೋಲ್ ಡಬ್ಬಿ ಬಂದ ಕಥೆಯೂ ಪ್ರಸಿದ್ಧ. ಮುಂದಿನ ಭಾಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮುಂಬಯಿಯಿಂದ ಟಪಾಲನ್ನು ಮದ್ರಾಸಿಗೆ ಒಯ್ದವನು ನೆವಿಲ್ ವಿನ್ಸೆಂಟ್. ಅವನು ಹೋದದ್ದು ನಮ್ಮ ಬಳ್ಳಾರಿಯ ಮೇಲೆ! ನಕಾಶೆ ತೆಗೆದು ಮುಂಬಯಿಯಿಂದ ಬಳ್ಳಾರಿಗೆ ಒಂದು ರೂಲರ್ ಇಟ್ಟು ಗೆರೆ ಎಳೆಯಿರಿ. ಕುಷ್ಟಗಿಯನ್ನು ಸವರಿಕೊಂಡು, ಗಂಗಾವತಿಯ ಮಗ್ಗುಲಲ್ಲಿ ಹಾದು ಹೋಗುತ್ತದೆ. ನಾನು ಎಳೆದು ನೋಡಿದಾಗ ಮೈ ಜುಂ ಅಂತು. ಕುಷ್ಟಗಿಗೆ ರೈಲು ಬಂದದ್ದು 2025ರಲ್ಲಿ. ವಿಮಾನದ ಗೆರೆ ಮಾತ್ರ ಅದಕ್ಕೂ 93 ವರ್ಷ ಮೊದಲೇ ಬಿದ್ದಿತ್ತು.

ಆಗ ಈ ನಾಲ್ಕೂ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ಬಳ್ಳಾರಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ್ದು. ಪುಸ್ ಮಾತ್‌ನಲ್ಲಿ ರೇಡಿಯೋ ಇರಲಿಲ್ಲ. ನೆಲ ನೋಡಿಕೊಂಡು, ದಿಕ್ಸೂಚಿ ನೋಡಿಕೊಂಡು ಹಾರಬೇಕು. ಆ ಪೈಲಟ್ಟಿಗೆ ಆಕಾಶದಲ್ಲಿ ಕೇಳಿಸಿಕೊಳ್ಳಲು ಏನೂ ಇರಲಿಲ್ಲ, ಎಂಜಿನ್ ಒಂದನ್ನು ಬಿಟ್ಟು. ಕಿವಿ ಹೋದರೂ ವಿಮಾನ ಇಳಿಯುತ್ತಿತ್ತು.

ಈ ಮಾತು ನೆನಪಿಟ್ಟುಕೊಳ್ಳಿ. ಪೈಲಟ್ಟುಗಳ ಕಿವಿಗೆ ಬೆಲೆ ಬಂದದ್ದು ಅವರು ಕೇಳಿಸಿಕೊಳ್ಳಲೇಬೇಕಾದ ಮಾತು ಹುಟ್ಟಿದ ಮೇಲೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್ ಶಾಲೆಯಲ್ಲಿ ಗುರು ಶಿಷ್ಯರ ನಡುವೆ ಒಂದು ಕೊಳವೆ ಬಂತು. ಗುರು ಒಂದು ತುದಿಯಲ್ಲಿ ಬೈಯುವುದು, ಶಿಷ್ಯನ ಕಿವಿಗೆ ಇನ್ನೊಂದು ತುದಿ. ಡಾಕ್ಟರ ಸ್ಟೆತಾಸ್ಕೋಪಿನಂತೆ. ಟೈಗರ್ ಮಾತ್ ವಿಮಾನಗಳಲ್ಲಿ ಬಹಳ ಕಾಲ ಇದೇ ನಡೆಯಿತು. ಆಮೇಲೆ ರೇಡಿಯೋ ಬಂತು, ರೇಡಿಯೋ ಜೊತೆ ನಿಯಂತ್ರಣ ಗೋಪುರದ ಮಾತು ಬಂತು. "ಎರಡು ಸಾವಿರಕ್ಕೆ ಇಳಿ" ಅಂದದ್ದು "ಮೂರು ಸಾವಿರ" ಅಂತ ಕೇಳಿದರೆ ಜೀವ ಹೋಗುತ್ತದೆ. ಈಗ ಕಿವಿ ಬೇಕು!

ಸದ್ದನ್ನು ಸದ್ದಿನಿಂದಲೇ ಕೊಲ್ಲಬಹುದು ಅಂತ ಮೊದಲು ಕಾಗದದ ಮೇಲೆ ಇಟ್ಟವನು ಜರ್ಮನಿಯ ಪಾಲ್ ಲ್ಯೂಗ್. 1936ರಲ್ಲಿ ಅವನಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ತುಂಗಭದ್ರೆಯ ದಂಡೆಯಲ್ಲಿ ಕೂತು ಯೋಚಿಸಿ: ನೀರಿನಲ್ಲಿ ಒಂದು ಅಲೆ ಏಳುವ ಜಾಗದಲ್ಲೇ, ಅದೇ ಕ್ಷಣಕ್ಕೆ, ಅಷ್ಟೇ ಆಳದ ತಗ್ಗನ್ನು ನೀವು ತಂದು ಇಟ್ಟರೆ? ಏರು ತಗ್ಗು ಕೂಡಿ ನೀರು ಸಮ. ಶಬ್ದವೂ ಗಾಳಿಯ ಅಲೆಯೇ ತಾನೆ. ಆದರೆ ಆಗಿನ ವಾಲ್ವು ರೇಡಿಯೋ ಕಾಲದಲ್ಲಿ ಅಷ್ಟು ಚುರುಕಾಗಿ ಕಿವಿಯ ಮೇಲೇ ಅದನ್ನು ಮಾಡುವುದು ಸುಲಭವಿರಲಿಲ್ಲ. 1950ರ ದಶಕದಲ್ಲಿ ಲಾರೆನ್ಸ್ ಫೋಗೆಲ್ ಕಾಕ್‌ಪಿಟ್ ಸದ್ದಿನ ಮೇಲೆ ಕೆಲಸ ಮಾಡಿ ಪೇಟೆಂಟ್ ಪಡೆದ, ವಿಲ್ಲರ್ಡ್ ಮೀಕರ್ ಕಿವಿಕಾಪಿನೊಳಗೇ ಮಾದರಿ ಮಾಡಿದ. ಅಂಗಡಿಗೆ ಮಾತ್ರ ಬರಲಿಲ್ಲ.

ಮುಂದಿನದು ಅರ್ಧ ನಮ್ಮ ಕಥೆ. ಅಮರ್ ಬೋಸ್, ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಹುಟ್ಟಿದ್ದು ಫಿಲಡೆಲ್ಫಿಯಾದಲ್ಲಿ, ಎಂ.ಐ.ಟಿ.ಯಲ್ಲಿ ಮೇಷ್ಟ್ರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಬರುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಹಾಕಿಕೊಂಡರೆ ಸಂಗೀತಕ್ಕಿಂತ ಎಂಜಿನ್ನೇ ಜೋರು. ಅಲ್ಲೇ ಕೂತು ಲೆಕ್ಕ ಹಾಕಿದರು. ಇಳಿಯುವ ಹೊತ್ತಿಗೆ ಮೂಲ ಗಣಿತ ಕಾಗದದ ಮೇಲಿತ್ತು. ಕಾಗದದಿಂದ ಅಂಗಡಿಗೆ ಬರಲು ಮಾತ್ರ 11 ವರ್ಷ. 1986ರ ಡಿಸೆಂಬರಿನಲ್ಲಿ ಡಿಕ್ ರುಟಾನ್, ಜೀನಾ ಯೇಗರ್ ಇಬ್ಬರೂ ವಾಯೇಜರ್ ವಿಮಾನದಲ್ಲಿ ಎಲ್ಲೂ ನಿಲ್ಲದೆ, ಇಂಧನ ತುಂಬದೆ, ಒಂಬತ್ತು ದಿನ ಭೂಮಿಯನ್ನು ಸುತ್ತಿದಾಗ ಅವರ ಕಿವಿ ಉಳಿಸಿದ್ದು ಬೋಸ್‌ರ ಮಾದರಿ ಹೆಡ್‌ಸೆಟ್. ಜರ್ಮನಿಯಲ್ಲಿ ಸೆನ್‌ಹೈಸರ್ 1987ರಲ್ಲಿ ಲುಫ್ತಾನ್ಸಾ ಪೈಲಟ್ಟುಗಳಿಗಾಗಿ ಮಾಡಿತು. 1989ರಲ್ಲಿ ಬೋಸ್ ಹೆಡ್‌ಸೆಟ್ ಮಾರಾಟಕ್ಕೆ ಬಂತು.

ಈಗ ಬಳಸುವ ಬಗೆ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಎರಡು ಪಿನ್ನು ಇರುತ್ತವೆ. ದಪ್ಪನೆಯದು ಕೇಳಲು, ಅದಕ್ಕಿಂತ ಕೊಂಚ ತೆಳ್ಳನೆಯದು ಮೈಕಿಗೆ. ಹಾರುವ ಮುಂಚೆ ಬ್ಯಾಟರಿ ನೋಡಿಕೊಳ್ಳಿ. ಸ್ವಿಚ್ ಹಾಕದೆಯೇ ಮೊದಲು ತಲೆಗೆ ಹಾಕಿಕೊಳ್ಳಿ. ಇಡೀ ಕಿವಿ ಬಟ್ಟಲಿನೊಳಗೆ ಕೂರಬೇಕು. ಕೂದಲು, ಟೊಪ್ಪಿಗೆ ಸಿಕ್ಕಿಕೊಂಡಿರಬಾರದು. ನನ್ನಂಥ ಕನ್ನಡಕದವರು ತೆಳು ಕಡ್ಡಿಯದನ್ನು ಹಾಕಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಸಂದಿಯಲ್ಲಿ ಸದ್ದು ಸೋರುತ್ತದೆ. ಆಮೇಲೆ ಸ್ವಿಚ್ ಒತ್ತಿ. ಮೈಕು ತುಟಿಯಿಂದ ಒಂದು ಬೆರಳಿನಷ್ಟು ದೂರ, ಸ್ವಲ್ಪ ತುಟಿಯ ಮೂಲೆಗೆ, ಗುರುತಿರುವ ಮುಖ ಬಾಯಿಯ ಕಡೆಗೆ. ದೂರದ ಸದ್ದು ಮೈಕಿನ ಹಿಂದೆ ಮುಂದೆ ಎರಡೂ ಕಡೆ ಸಮನಾಗಿ ತಟ್ಟಿ ತನ್ನನ್ನೇ ಅಳಿಸಿಕೊಳ್ಳುತ್ತದೆ, ಹತ್ತಿರದ ಮಾತು ಮಾತ್ರ ಉಳಿಯುತ್ತದೆ. ಮೈಕನ್ನು ಗದ್ದಕ್ಕೆ ಇಳಿಬಿಟ್ಟರೆ ನಿಮ್ಮ ಮಾತೂ ಸದ್ದಿನ ಲೆಕ್ಕಕ್ಕೆ ಸೇರುತ್ತದೆ! ಕೊನೆಗೆ ಇಂಟರ್‌ಕಾಮಿನ ಸ್ಕ್ವೆಲ್ಚ್ ತಿರುಗಿಸಿ, ನೀವು ಸುಮ್ಮನಿದ್ದಾಗ ಸದ್ದು ನಿಲ್ಲುವ ಜಾಗದಲ್ಲಿ ಬಿಡಿ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಯಂತ್ರ ಎಲ್ಲ ಸದ್ದನ್ನೂ ಕೊಲ್ಲುವುದಿಲ್ಲ. ಎರಡು ಅಲಗಿನ ಪ್ರೊಪೆಲ್ಲರ್ ನಿಮಿಷಕ್ಕೆ 2400 ಸುತ್ತು ಹೊಡೆದರೆ ಸೆಕೆಂಡಿಗೆ 80 ಬಡಿತ. ಅಂಥ 'ಗುಂ' ಅನ್ನುವ ತಗ್ಗು ಸದ್ದೇ ಇದರ ಆಹಾರ. 'ಚರ್', 'ಕಿರ್' ಅನ್ನುವ ಏರು ಸದ್ದನ್ನು ತಡೆಯುವುದು ಬರೀ ಬಟ್ಟಲು ಮತ್ತು ಮೆತ್ತೆ. ಅದಕ್ಕೇ ಬ್ಯಾಟರಿ ಸತ್ತರೂ ಹೆಡ್‌ಸೆಟ್ ಪೂರಾ ಸಾಯುವುದಿಲ್ಲ. ಅರ್ಧ ಕೆಲಸ ಮಾಡುವುದು ಬರೀ ಮುಚ್ಚಳ. ಬ್ಯಾಟರಿ ಇಲ್ಲದ, ಕಡಿಮೆ ಬೆಲೆಯ, ಹಳೆಯ ಮುಚ್ಚಳ.

ಇಲ್ಲಿಗೆ ಅಪ್ಪ ಬಂದರು.

ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಮಳೆ ನಂಬಿದ ಭೂಮಿ. ಜೋಳ, ಸಜ್ಜೆ. ಗಂಗಾವತಿಯ ಹಣೆಬರಹ ಬೇರೆ. 1953ರಲ್ಲಿ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಿತು. ಎಡದಂಡೆ ಕಾಲುವೆ ಬಂತು, ಕಾಲುವೆ ಹಿಂದೆ ಭತ್ತ, ಭತ್ತದ ಹಿಂದೆ ಅಕ್ಕಿ ಗಿರಣಿಗಳು, ಗಿರಣಿ ಹಿಂದೆ ಒಣಭೂಮಿಯ ನಮ್ಮಂಥವರು. ಅಪ್ಪ 1978ರಲ್ಲಿ ಗಂಗಾವತಿಯ ಒಂದು ಗಿರಣಿ ಸೇರಿದರು, 2006ರವರೆಗೆ ದುಡಿದರು. 28 ವರ್ಷ, ಒಂದು ದಿನವೂ ಕಿವಿಗೆ ಏನೂ ಇಲ್ಲದೆ. ಧೂಳಿಗೆ ಟವೆಲ್ ಸುತ್ತಿಕೊಳ್ಳುತ್ತಿದ್ದರು, ಅಷ್ಟೇ.

ಒಂದು ಸರಳ ಪರೀಕ್ಷೆ ಇದೆ. ತೋಳಳತೆಯಲ್ಲಿ ನಿಂತವನ ಜೊತೆ ಕೂಗಿ ಮಾತಾಡಬೇಕಾದರೆ ಸದ್ದು ಹೆಚ್ಚುಕಡಿಮೆ 85 ಡೆಸಿಬೆಲ್ ದಾಟಿದೆ ಅಂತ. ಅಮೆರಿಕದ ಸುರಕ್ಷತಾ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 85ಕ್ಕೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ. 100ಕ್ಕೆ ಬರೀ 15 ನಿಮಿಷ. ನಾನು ಅಪ್ಪನಿಗೆ ಬುತ್ತಿ ಒಯ್ದಾಗ ಅವರ ಕಿವಿಗೇ ಬಾಯಿ ಇಟ್ಟು ಕೂಗುತ್ತಿದ್ದೆ. ಅದು ಆಟ ಅಂದುಕೊಂಡಿದ್ದೆ. ನಮ್ಮ ದೇಶದ ಫ್ಯಾಕ್ಟರಿ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲಿ ಸದ್ದಿನಿಂದಾಗುವ ಕಿವುಡುತನ 1987ರ ತಿದ್ದುಪಡಿಯಲ್ಲೇ ಸೇರಿತ್ತು. ಅಪ್ಪನ ಕಿವಿ ಮಾತ್ರ ಯಾವ ಪಟ್ಟಿಗೂ ಸೇರಲಿಲ್ಲ.

ಈ ಸಲ ಹೋದಾಗ ಕೊಪ್ಪಳಕ್ಕೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದೆ. ಗ್ರಾಫು ಎಡಗಡೆ ಚೆನ್ನಾಗಿಯೇ ಹೊರಟು, 4000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದಂತೆ ಇಳಿದಿದೆ. ಸದ್ದು ತಿಂದ ಕಿವಿಯ ಗುರುತು ಇದೇ. ಒಳಗಿನ ಸಣ್ಣ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗುಡುಗು ಕೇಳುತ್ತದೆ, ಟ್ರ್ಯಾಕ್ಟರ್ ಕೇಳುತ್ತದೆ, 'ಸ' 'ಶ' 'ತ' ಕೇಳುವುದಿಲ್ಲ. ಮೊಮ್ಮಗಳ ಮಾತು ಕೇಳುವುದಿಲ್ಲ. ಅವಳು ಫೋನಿನಲ್ಲಿ "ತಾತಾ" ಅಂದರೆ ಅಪ್ಪ ನಕ್ಕು "ಹೂಂ ಹೂಂ" ಅನ್ನುವುದನ್ನು ಎಷ್ಟು ವರ್ಷ ನಾನು ಪ್ರೀತಿ ಅಂದುಕೊಂಡಿದ್ದೆ! ಪ್ರೀತಿಯೇ, ಆದರೆ ಕೇಳಿಸಿರಲಿಲ್ಲ.

ಹೆಡ್‌ಸೆಟ್ ಜೊತೆಗೇ ಒಯ್ದಿದ್ದೆ. ನಮ್ಮ ಸಂಬಂಧಿ ಹುಡುಗನೊಬ್ಬ ಈಗ ಒಂದು ಗಿರಣಿಯಲ್ಲಿದ್ದಾನೆ. ಅವನನ್ನು ನೋಡಲು ಹೋದಾಗ, ಓಡುವ ಯಂತ್ರದ ಪಕ್ಕ ಅಪ್ಪನ ತಲೆಗೆ ಅದನ್ನು ಹಾಕಿ ಸ್ವಿಚ್ ಒತ್ತಿದೆ. ಅಪ್ಪ ಗಕ್ಕನೆ ತಿರುಗಿ ಮೇಲೆ ಪಟ್ಟಾದ ಕಡೆ ನೋಡಿದರು. "ಯಾಕ, ಮಿಲ್ಲು ನಿಂತ್ತು? ಪಟ್ಟಾ ಹರೀತೇನು?"

ಪಟ್ಟಾ ಓಡುತ್ತಲೇ ಇತ್ತು. ಅವರಿಗೆ ಇನ್ನೂ ಕೇಳುತ್ತಿದ್ದದ್ದು ಆ ಗುಂ ಸದ್ದು ಒಂದೇ, ಯಂತ್ರ ಅದನ್ನೇ ಅಳಿಸಿತ್ತು. ತೆಗೆದು ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ಇದು ಆವಾಗ ಇತ್ತೇನು?"

ಏನು ಹೇಳಲಿ? ಇದು 1989ರಿಂದ ಇತ್ತು, ನಮಗೆ ಎಟುಕುವಂತಿರಲಿಲ್ಲ. ಆದರೆ ಬರೀ ಮುಚ್ಚಳ, ಬ್ಯಾಟರಿ ಇಲ್ಲದ್ದು, ಅಪ್ಪ ಕೆಲಸಕ್ಕೆ ಸೇರುವ ಮೊದಲೇ ಇತ್ತು. ಬೆರಳಲ್ಲಿ ಹೊಸೆದು ಕಿವಿಯೊಳಗಿಟ್ಟರೆ ಉಬ್ಬುವ ಫೋಮಿನ ಬಿರಡೆ 1970ರ ದಶಕದ ಆರಂಭದಲ್ಲೇ ಇತ್ತು. ಪೈಲಟ್ಟಿಗೆ ಸಿಕ್ಕಿದ್ದು ಗಿರಣಿಯವನಿಗೆ ಯಾಕೆ ಸಿಗಲಿಲ್ಲ ಅಂದರೆ, ಪೈಲಟ್ ಒಂದು ಮಾತು ತಪ್ಪಾಗಿ ಕೇಳಿಸಿಕೊಂಡರೆ ವಿಮಾನ ಬೀಳುತ್ತದೆ. ಅಪ್ಪ ಕೇಳಿಸಿಕೊಳ್ಳದಿದ್ದರೆ ಭತ್ತ ಅಕ್ಕಿಯಾಗುವುದೇನೂ ನಿಲ್ಲುವುದಿಲ್ಲ.

"ಇತ್ತಪ್ಪ" ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ. "ಹೂಂ" ಅಂದರು.

ಬರುವ ಮುಂಚೆ ಆ ಹುಡುಗನಿಗೆ ಸಾದಾ ಕಿವಿಮುಚ್ಚಳ ಒಂದು, ಬಿರಡೆಗಳ ಪೊಟ್ಟಣ ಒಂದು ಕೊಡಿಸಿದೆ. ಎರಡೂ ಸೇರಿ ಒಂದು ಹೋಟೆಲ್ ಊಟದ ಖರ್ಚೂ ಆಗಲಿಲ್ಲ. ಮೊದಲ ದಿನ ಕೊರಳಿಗೆ ನೇತುಹಾಕಿಕೊಂಡಿದ್ದನಂತೆ, "ಸಾಹುಕಾರ್ರು ಕರದ್ರ ಕೇಳಂಗಿಲ್ಲ" ಅಂತ. ಅಪ್ಪ ಹೋಗಿ ಅವನೆದುರು ನಿಂತು ಬೈದು ಹಾಕಿಸಿದರಂತೆ. ಅವ್ವ ಫೋನಿನಲ್ಲಿ ಹೇಳಿದಳು.

ನಿಮ್ಮಲ್ಲಿ ಗಿರಣಿ, ಮಗ್ಗ, ಕ್ರಷರ್, ಬೋರ್‌ವೆಲ್ ಲಾರಿಗಳಲ್ಲಿ ದುಡಿಯುವವರ ಮಕ್ಕಳು ಯಾರಾದರೂ ಇದ್ದರೆ, ಊರಿಗೆ ಹೋದಾಗ ಸ್ವೀಟ್ ಬಾಕ್ಸ್ ಜೊತೆ ಒಂದು ಪೊಟ್ಟಣ ಬಿರಡೆ ಒಯ್ಯಿರಿ. ನಾನು ಒಯ್ಯುವುದು 28 ವರ್ಷ ತಡವಾಯಿತು.