ಆರದ ಸ್ವಿಚ್ಚನ್ನು ಆರಿಸಿದ ಕಥೆ

ಮನೆಯ ಮೇಲಿನ ತೊಟ್ಟಿ ತುಂಬಿದ ಮೇಲೂ ಪಂಪು ನಿಲ್ಲದಿದ್ದರೆ ಏನಾಗುತ್ತದೆಂಬುದು ತಮಗೆ ಗೊತ್ತು. ತಪ್ಪು ನೀರಿನದಲ್ಲ, ಸ್ವಿಚ್ಚಿನದು. ನಮ್ಮ ಜೀವಕೋಶಗಳಲ್ಲಿಯೂ ‘ಬೆಳೆ, ಇಬ್ಭಾಗವಾಗು’ ಎಂದು ಸಂಕೇತ ಕೊಡುವ ಸ್ವಿಚ್ಚುಗಳಿವೆ. ಅವು ಹೊತ್ತಿಗೆ ಸರಿಯಾಗಿ ಆರಬೇಕು. ಆರದೆ ಉಳಿದ ಅಂಥ ಒಂದು ಸ್ವಿಚ್ಚನ್ನು ಹುಡುಕಿ ಆರಿಸಲು ನಲವತ್ತು ವರ್ಷ ಬೇಕಾಯಿತು.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಅವರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರಿನ ರೋಗಿಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ವರ್ಣತಂತುವನ್ನು ಕಂಡರು. ಅದು ರೋಗದ ಕಾರಣವೋ ಪರಿಣಾಮವೋ ಆಗ ಹೇಳುವಂತಿರಲಿಲ್ಲ. 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ಉತ್ತರದ ದಾರಿ ತೋರಿದರು. ಅವರು ವರ್ಣತಂತುಗಳ ಛಾಯಾಚಿತ್ರಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದರು. ದಿನವೂ ಚಿತ್ರ ಕತ್ತರಿಸಿ ಜೋಡಿಸುವ ವೃತ್ತಿಯ ನನಗೆ ಈ ಸಂಗತಿ ಬಹಳ ಹಿಡಿಸಿತು! 22ನೆಯ ವರ್ಣತಂತುವಿನಿಂದ ಕಳಚಿದ ತುಂಡು 9ನೆಯದರ ತುದಿಗೆ ಅಂಟಿಕೊಂಡಿದ್ದುದು ಅವರ ಕಣ್ಣಿಗೆ ಬಿತ್ತು.

ಈ ಅದಲುಬದಲಿನಲ್ಲಿ ಎರಡು ಜೀನುಗಳು ಬೆಸೆದುಕೊಂಡು ಬಿಸಿಆರ್-ಎಬಿಎಲ್ ಎಂಬ ಹೊಸ ಪ್ರೋಟೀನು ಹುಟ್ಟುತ್ತದೆಂದು 1980ರ ದಶಕದಲ್ಲಿ ತಿಳಿಯಿತು. ಇದು ಇತರ ಪ್ರೋಟೀನುಗಳಿಗೆ ಫಾಸ್ಫೇಟನ್ನು ಅಂಟಿಸಿ ಸಂಕೇತ ದಾಟಿಸುವ ಕಿಣ್ವ. ಸದಾ ಚಾಲೂ ಇರುವಂಥದು. ಇದೇ ರೋಗದ ಮೂಲವೆಂಬುದನ್ನು 1990ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿಕೊಟ್ಟಿತು.

ಆ ಕಿಣ್ವಕ್ಕೆ ಶಕ್ತಿ ಒದಗಿಸುವ ಎಟಿಪಿ ಬಂದು ಕೂರುವ ಸಂದಿಯನ್ನೇ ಮುಚ್ಚುವ ಇಮಾಟಿನಿಬ್ ಎಂಬ ಔಷಧಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸಿದ್ಧವಾಯಿತು. ಅಮೆರಿಕದ ವೈದ್ಯ ಬ್ರಯಾನ್ ಡ್ರೂಕರ್ 1998ರಲ್ಲಿ ಅದನ್ನು ರೋಗಿಗಳಿಗೆ ಕೊಡತೊಡಗಿದರು. ಹಳೆಯ ಚಿಕಿತ್ಸೆ ಫಲಿಸದೆ, ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಸ್ಥಿತಿಗೆ ಬಂತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಔಷಧಿಗೆ ಮಂಜೂರಾತಿ ದೊರೆಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಗ ಭಾರತದಲ್ಲಿ ನೋವಾರ್ಟಿಸ್ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಆಗುತ್ತಿತ್ತು. ನಮ್ಮ ದೇಶದ ಕಂಪನಿಗಳ ಮಾತ್ರೆಗೆ ಸುಮಾರು 8,000ದಿಂದ 10,000 ಆಗುತ್ತಿತ್ತು. ಕಂಪನಿ ಕೋರಿದ್ದ ಪೇಟೆಂಟನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನಿರಾಕರಿಸಿತು. ಅಗ್ಗದ ಮಾತ್ರೆ ಉಳಿಯಿತು.

ಒಂದು ಎಚ್ಚರಿಕೆಯ ಮಾತು. ಕೆಲವರಲ್ಲಿ ಆ ಪ್ರೋಟೀನು ರೂಪ ಬದಲಿಸಿ ಔಷಧಿಗೆ ಬಗ್ಗದಂತಾಗುತ್ತದೆ. ಅಂಥವರಿಗಾಗಿ ಬೇರೆ ಔಷಧಿಗಳು ಬಂದಿವೆ. ಉಳಿದ ಕ್ಯಾನ್ಸರುಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಒಂದೇ ಸ್ವಿಚ್ಚಲ್ಲ, ಹಲವು. ಆದ್ದರಿಂದ ಈ ಒಂದು ಮಾತ್ರೆ ಎಲ್ಲ ಕ್ಯಾನ್ಸರಿಗೂ ಮದ್ದಲ್ಲ. ತಮ್ಮ ಮನೆಯಲ್ಲಿ ಯಾರಾದರೂ ಇದನ್ನು ನುಂಗುತ್ತಿದ್ದರೆ, ಮೈ ಹಗುರಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಲು ಬಿಡಬೇಡಿ.