ನಡುಕಗಳನ್ನು ಬೇರ್ಪಡಿಸಿದ ಚರಿತ್ರೆ

ಕೈ ನಡುಗುತ್ತದೆ ಎಂದು ಆಸ್ಪತ್ರೆಗೆ ಬಂದ ಇಬ್ಬರಿಗೆ ಒಂದೇ ಕಾಯಿಲೆ ಇರಬೇಕೆಂದೇನೂ ಇಲ್ಲ. ಒಬ್ಬರ ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಅದುರುತ್ತದೆ, ಲೋಟ ಹಿಡಿದೊಡನೆ ತುಸು ತಗ್ಗುತ್ತದೆ. ಇನ್ನೊಬ್ಬರ ಕೈ ಸುಮ್ಮನಿದ್ದಾಗ ಸ್ಥಿರವಾಗಿರುತ್ತದೆ. ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಕಾಫಿ ಚೆಲ್ಲಿರುತ್ತದೆ. ಮೊದಲನೆಯದು ಬಹುಮಟ್ಟಿಗೆ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣ. ಎರಡನೆಯದು ಎಸೆನ್ಷಿಯಲ್ ಟ್ರೆಮರ್, ಅನೇಕ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂಥದ್ದು. ಥೈರಾಯ್ಡ್ ಗ್ರಂಥಿಯ ಕೆಲಸ ಅತಿಯಾದರೂ ಕೈ ನಡುಗುತ್ತದೆ. ಉಬ್ಬಸಕ್ಕೆ ತೆಗೆದುಕೊಳ್ಳುವ ಸಾಲ್ಬುಟಮಾಲ್, ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್ ಕೂಡ ನಡುಕ ತರಬಲ್ಲವು. ಒಂದಕ್ಕೆ ಹಿಡಿಸುವ ಔಷಧ ಇನ್ನೊಂದಕ್ಕೆ ಹಿಡಿಸುವುದಿಲ್ಲ. ಆದ್ದರಿಂದ ನಡುಕದ ಚಿಕಿತ್ಸೆಯ ಚರಿತ್ರೆಯನ್ನು ಬರಿಯ ಔಷಧಗಳ ಶೋಧದ ಕಥೆಯಾಗಿ ಬರೆದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ನಡುಕ ನಡುಕಗಳ ನಡುವಿನ ವ್ಯತ್ಯಾಸವನ್ನು ಗುರುತಿಸಿದ್ದೇ ಈ ಚರಿತ್ರೆಯ ಮುಖ್ಯ ಸಾಧನೆ ಎಂಬುದು ಈ ಲೇಖನದ ವಾದ.

ನಮ್ಮ ಪ್ರಾಚೀನ ವೈದ್ಯರಿಗೆ ನಡುಕ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆ ವೇಪಥುವನ್ನು, ಅಂದರೆ ನಡುಕವನ್ನು, ವಾತವಿಕಾರಗಳ ಸಾಲಿನಲ್ಲಿ ಇರಿಸುತ್ತದೆ. ಮಾಧವನಿದಾನವು ಇಡೀ ದೇಹ ಅಥವಾ ತಲೆ ನಡುಗುವುದನ್ನು ಅದೇ ಹೆಸರಿನಲ್ಲಿ ಹೇಳುತ್ತದೆ. ಕಂಪವಾತದ ಲಕ್ಷಣಗಳಾಗಿ ಕೈಕಾಲುಗಳ ನಡುಕ, ನಿದ್ರಾಭಂಗ, ಬುದ್ಧಿಯ ಕುಂದುವಿಕೆಗಳನ್ನು ಬಸವರಾಜೀಯ ಎಂಬ ವೈದ್ಯಗ್ರಂಥ ಒಟ್ಟಿಗೆ ಹೇಳುವುದು ಗಮನಾರ್ಹ. ಇದನ್ನು ಓದಿದೊಡನೆ ಕಂಪವಾತವೇ ಪಾರ್ಕಿನ್ಸನ್ ಎಂದು ತೀರ್ಮಾನಿಸುವ ಆತುರ ಈಚೆಗೆ ಹೆಚ್ಚಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಆ ವಿವರಣೆಯೊಳಗೆ ಇಂದು ನಾವು ಬೇರೆಬೇರೆಯಾಗಿ ಎಣಿಸುವ ಹಲವು ಕಾಯಿಲೆಗಳಿಗೆ ಜಾಗವಿದೆ.

ಯುರೋಪಿನಲ್ಲಿ ವಿಶ್ರಾಂತಿಯ ನಡುಕವನ್ನೂ ಚಲನೆಯ ನಡುಕವನ್ನೂ ಬೇರೆಯಾಗಿ ಕಂಡವರಲ್ಲಿ 17ನೇ ಶತಮಾನದಲ್ಲಿ ಲೈಡನ್‌ನಲ್ಲಿ ಪಾಠ ಹೇಳುತ್ತಿದ್ದ ಸಿಲ್ವಿಯಸ್ ಮೊದಲಿಗರಲ್ಲೊಬ್ಬ. ಆ ಎಳೆಯನ್ನು ಹಿಡಿದು ಮುಂದೆ ಹೋದವನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್. 1817ರಲ್ಲಿ ಅವನು ಪ್ರಕಟಿಸಿದ ಪ್ರಬಂಧಕ್ಕೆ ಆಧಾರ ಕೇವಲ ಆರು ಜನ. ಅವರಲ್ಲಿ ಇಬ್ಬರು ಬೀದಿಯಲ್ಲಿ ಸಿಕ್ಕವರು. ಒಬ್ಬನನ್ನು ದೂರದಿಂದ ನೋಡಿದ್ದಷ್ಟೇ. ಕೈಗೆ ಆಸರೆ ಕೊಟ್ಟಾಗಲೂ ನಿಲ್ಲದ ನಡುಕ, ಮುಂದಕ್ಕೆ ಬಾಗಿದ ಮೈ, ನಡಿಗೆ ತಾನಾಗಿ ಓಟಕ್ಕೆ ತಿರುಗುವುದು, ಇವೆಲ್ಲ ಒಂದೇ ಕಾಯಿಲೆಯ ಮುಖಗಳು ಎಂದು ಅವನು ಹೇಳಿದ. ಚಿಕಿತ್ಸೆ ಮಾತ್ರ ಅವನ ಕಾಲದ್ದೇ: ಕತ್ತಿನ ಮೇಲ್ಭಾಗದಿಂದ ರಕ್ತ ತೆಗೆಯುವುದು, ಚರ್ಮದ ಮೇಲೆ ಬೊಕ್ಕೆ ಎಬ್ಬಿಸುವುದು. ಪ್ರಬಂಧ ಉಳಿದದ್ದು ಆ ಸಲಹೆಗಳಿಂದಲ್ಲ, ನೋಟದ ನಿಖರತೆಯಿಂದ.

ಅರ್ಧ ಶತಮಾನದ ಮೇಲೆ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜಾನ್ ಮಾರ್ಟಿನ್ ಶಾರ್ಕೊ ಈ ಕಾಯಿಲೆಯ ನಡುಕವನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ನಡುಕದಿಂದ ಬೇರ್ಪಡಿಸಿದ. ಕಾಯಿಲೆಗೆ ಪಾರ್ಕಿನ್ಸನ್ ಹೆಸರನ್ನು ನಿಲ್ಲಿಸಿದವನೂ ಅವನೇ. ಬೆಲ್ಲಡೋನ ಜಾತಿಯ ಗಿಡಗಳಲ್ಲಿ ಸಿಗುವ ಹಯೋಸಯಮೀನ್ ಅಲ್ಲಿ ಬಳಕೆಗೆ ಬಂತು. ಬಾಯಿ ಒಣಗಿದರೂ ನಡುಕ ಸ್ವಲ್ಪ ಇಳಿಯುತ್ತಿತ್ತು. ನಾನು ಹೆಚ್ಚು ಬೆಲೆ ಕೊಡುವುದು ಶಾರ್ಕೊನ ಇನ್ನೊಂದು ನಡೆಗೆ. ರೈಲಿನಲ್ಲೋ ಕುದುರೆಗಾಡಿಯಲ್ಲೋ ದೂರ ಪ್ರಯಾಣ ಮಾಡಿ ಬಂದ ರೋಗಿಗಳು ಮೈ ಹಗುರಾಯಿತು ಎನ್ನುತ್ತಿದ್ದರು. ಅವನು ಆ ಮಾತನ್ನು ತಳ್ಳಿಹಾಕದೆ ಅಲುಗಾಡುವ ಕುರ್ಚಿಯೊಂದನ್ನು ಮಾಡಿಸಿ, 1892ರಲ್ಲಿ ಅದರ ಬಗ್ಗೆ ಉಪನ್ಯಾಸ ಕೊಟ್ಟ. 2012ರಲ್ಲಿ ಷಿಕಾಗೋದ ವೈದ್ಯರು ಅದನ್ನು ಹೊಸ ಕುರ್ಚಿಯಲ್ಲಿ ಮತ್ತೆ ಪರೀಕ್ಷಿಸಿದಾಗ, ಅಲುಗದ ಕುರ್ಚಿಯಲ್ಲಿ ಆರಾಮವಾಗಿ ಕುಳಿತವರಿಗೂ ಅಷ್ಟೇ ಗುಣ ಕಂಡಿತು. ಕುರ್ಚಿ ಸೋತಿತು. ಆದರೂ ರೋಗಿಯ ಅನುಭವವನ್ನು ಪ್ರಯೋಗದ ಮೆಟ್ಟಿಲವರೆಗೆ ತಂದ ಕ್ರಮ ಸರಿಯಾದದ್ದೇ.

20ನೇ ಶತಮಾನದ ಕಥೆಯಲ್ಲಿ ಭಾರತದ ಎರಡು ಗಿಡಗಳು ಎದುರುಬದುರಾಗಿ ನಿಂತಿವೆ. ಇದಕ್ಕೆ ನಮ್ಮಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ. ಮೊದಲನೆಯದು ಸರ್ಪಗಂಧ. 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಅದರ ಬೇರನ್ನು ಮನೋರೋಗಕ್ಕೂ ರಕ್ತದೊತ್ತಡಕ್ಕೂ ಬಳಸಿದ್ದನ್ನು ವರದಿ ಮಾಡಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಜಗತ್ತು ಅತ್ತ ತಿರುಗಿತು. 1952ರಲ್ಲಿ ಸ್ವಿಸ್ ರಸಾಯನಶಾಸ್ತ್ರಜ್ಞರು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಹೆಚ್ಚು ರಿಸರ್ಪಿನ್ ತೆಗೆದುಕೊಂಡ ಕೆಲವು ರೋಗಿಗಳಲ್ಲಿ ಪಾರ್ಕಿನ್ಸನ್ ಲಕ್ಷಣಗಳೇ ಕಾಣಿಸಿಕೊಂಡವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟು ಅವು ಅಲ್ಲಾಡದೆ ಬಿದ್ದುಕೊಳ್ಳುವಂತೆ ಮಾಡಿದ. ಮೈಯಲ್ಲಿ ಡೋಪಮೈನ್ ಆಗಿ ಬದಲಾಗುವ ಡೋಪಾ ಎಂಬ ವಸ್ತುವನ್ನು ಚುಚ್ಚಿದೊಡನೆ ಅವು ಎದ್ದು ಓಡಾಡಿದವು. ಮಿದುಳು ಚಲನೆಯನ್ನು ನಡೆಸಲು ಡೋಪಮೈನ್ ಎಂಬ ರಾಸಾಯನಿಕ ಬೇಕು ಎಂಬ ಅರಿವಿಗೆ ಈ ಪ್ರಯೋಗವೇ ದಾರಿ. 1960ರಲ್ಲಿ ವಿಯೆನ್ನಾದ ಎರಿಂಗರ್ ಮತ್ತು ಹಾರ್ನಿಕೀವಿಚ್ ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಬಹಳ ಕಡಿಮೆಯಾಗಿರುವುದನ್ನು ತೋರಿಸಿದರು.

ಎರಡನೆಯದು ನಸುಗುನ್ನಿ. ಕಾಯಿಯ ಮೇಲಿನ ರೋಮ ಮೈಗೆ ತಾಗಿದರೆ ತಾಳಲಾರದ ತುರಿಕೆ. ಕಾಡಂಚಿನಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಮೊಲಗಳನ್ನು ಎಬ್ಬಿಸಿದ ಡೋಪಾ ಗಿಡಗಳಲ್ಲೂ ಸಿಗುತ್ತದೆ; ಅದರ ಆ ಸಹಜ ರೂಪವಾದ ಲೆವೊಡೊಪಾವನ್ನು ಬೇರ್ಪಡಿಸಿದ ಮೊದಲಿಗ ಬಾಸೆಲ್‌ನ ಮಾರ್ಕಸ್ ಗುಗೆನ್‌ಹೈಮ್. 1913ರಲ್ಲಿ ಯುರೋಪಿನ ಒಂದು ಅವರೆ ಜಾತಿಯಿಂದ ತೆಗೆದ ಆ ಪುಡಿಯನ್ನು ತಾನೇ 2.5 ಗ್ರಾಂ ನುಂಗಿ ವಾಂತಿ ಮಾಡಿಕೊಂಡ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ನಸುಗುನ್ನಿ ಬೀಜದಲ್ಲೂ ಅದೇ ವಸ್ತುವನ್ನು ಕಂಡುಹಿಡಿದು ಬಯೋಕೆಮಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆಗ ಅದರ ಉಪಯೋಗ ಯಾರಿಗೂ ಗೊತ್ತಿರಲಿಲ್ಲ. ಡೋಪಾ ನಿಜವಾದ ಚಿಕಿತ್ಸೆಯಾದದ್ದು 1967ರಲ್ಲಿ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಜಾರ್ಜ್ ಕಾಟ್ಜಿಯಾಸ್ ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ, ವಾಂತಿಯಾಗದಂತೆ ನಿಧಾನವಾಗಿ ಏರಿಸುತ್ತ ಹೋದ. ವರ್ಷಗಟ್ಟಲೆ ಹಾಸಿಗೆಯಲ್ಲಿದ್ದವರು ಎದ್ದು ನಡೆದರು. ಮುಂದೆ ಕಾರ್ಬಿಡೋಪಾ ಎಂಬ ಔಷಧ ಜೊತೆಗೂಡಿದಾಗ ಕಡಿಮೆ ಪ್ರಮಾಣವೇ ಸಾಕಾಯಿತು. 2004ರಲ್ಲಿ ಲಂಡನ್ನಿನಲ್ಲಿ ಎಂಟು ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ 30 ಗ್ರಾಂ ನಸುಗುನ್ನಿ ಪುಡಿಯು ಮಾತ್ರೆಗಿಂತ ಬೇಗ ಕೆಲಸ ಮಾಡಿದ್ದು ಕಂಡುಬಂತು. ಎಂಟು ಜನರ ಪ್ರಯೋಗದ ಮೇಲೆ ದೊಡ್ಡ ಮಾತು ಆಡಬಾರದು. ಒಂದು ಬೀಜದಿಂದ ಇನ್ನೊಂದಕ್ಕೆ ಡೋಪಾದ ಅಂಶವೂ ಬದಲಾಗುತ್ತದೆ. ಅಂಗಡಿಯ ಪುಡಿಯನ್ನು ತಾವೇ ಅಳೆದು ತಿನ್ನುವುದು, ಅದರಲ್ಲೂ ಮಾತ್ರೆಯ ಜೊತೆ ತಿನ್ನುವುದು ಅಪಾಯ.

ಲೆವೊಡೊಪಾದ ಮಿತಿಗಳೂ ಬೇಗ ಗೊತ್ತಾದವು. ವರ್ಷಗಳು ಕಳೆದಂತೆ ಅನೇಕರಲ್ಲಿ ಮೈ ತನ್ನಷ್ಟಕ್ಕೆ ಹೊರಳಾಡುವ ಹೊಸ ತೊಂದರೆ ಬರುತ್ತದೆ. ಕೆಲವರಲ್ಲಿ ಬಿಗಿತ ಸಡಿಲಿದರೂ ನಡುಕ ಮಾತ್ರ ಜಗ್ಗುವುದಿಲ್ಲ. ಅಂಥವರಿಗೆ ಶಸ್ತ್ರಚಿಕಿತ್ಸೆಯ ದಾರಿ ಉಳಿಯಿತು. ಆ ದಾರಿ ಲೆವೊಡೊಪಾಗಿಂತ ಮೊದಲೇ ತೆರೆದಿತ್ತು: 1952ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಕೂಪರ್ ಶಸ್ತ್ರಕ್ರಿಯೆಯ ನಡುವೆ ಆಕಸ್ಮಿಕವಾಗಿ ಹರಿದ ರಕ್ತನಾಳವೊಂದನ್ನು ಕಟ್ಟಬೇಕಾಯಿತು. ರೋಗಿ ಎಚ್ಚರಗೊಂಡಾಗ ನಡುಕ ಹೋಗಿತ್ತು. ಬೆಂಗಳೂರಿನಲ್ಲಿ ಡಾ. ಆರ್. ಮಾರ್ತಾಂಡ ವರ್ಮ ತಲೆಬುರುಡೆಯನ್ನು ತೆರೆಯದೆ, ಅದರ ತಳದಲ್ಲಿ ಸಹಜವಾಗಿಯೇ ಇರುವ ರಂಧ್ರದ ಮೂಲಕ ಸೂಜಿ ತೂರಿಸಿ ಮಿದುಳಿನ ಆಳವನ್ನು ತಲುಪುವ ವಿಧಾನವೊಂದನ್ನು ರೂಪಿಸಿದರು. ಅಲ್ಲಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್ 1974ರಲ್ಲಿ ಸ್ಥಾಪನೆಯಾದಾಗ ಅವರೇ ಮೊದಲ ನಿರ್ದೇಶಕರು. ಕಡಿಮೆ ಸಲಕರಣೆಯಲ್ಲಿ ಹೆಚ್ಚು ಜನರನ್ನು ತಲುಪಬೇಕಾಗಿದ್ದ ದೇಶದಲ್ಲಿ ಹುಟ್ಟಿದ ವಿಧಾನವದು. ವೈದ್ಯಕೀಯ ಚರಿತ್ರೆಯ ನಮ್ಮ ಪಠ್ಯಗಳಲ್ಲಿ ಅದಕ್ಕೆ ಒಂದು ಅಧ್ಯಾಯ ಸಲ್ಲಬೇಕು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿಡ್ ಮತ್ತು ಪೊಲ್ಲಾಕ್ ನಡುಕಕ್ಕಾಗಿ ಮಿದುಳಿನ ಒಂದು ಚಿಕ್ಕ ಭಾಗವನ್ನು ಸುಡುವ ರೂಢಿಯ ಬದಲು ಒಳಗೆ ವಿದ್ಯುದಗ್ರವನ್ನಿಟ್ಟು ವೇಗದ ಮಿಡಿತಗಳಿಂದ ನಡುಕ ನಿಲ್ಲಿಸುವ ಕ್ರಮ ತಂದರು. 2016ರಲ್ಲಿ ಎಸೆನ್ಷಿಯಲ್ ಟ್ರೆಮರ್‌ಗೆ ಕೇಂದ್ರೀಕೃತ ಅಲ್ಟ್ರಾಸೌಂಡ್ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಎಸೆನ್ಷಿಯಲ್ ಟ್ರೆಮರ್ ಪ್ರಾಣಕ್ಕೆ ಕುತ್ತು ತರುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಹಗುರವಾಗಿ ಕಂಡವರೇ ಹೆಚ್ಚು. ಅದರೊಡನೆ ಬದುಕುವವರ ಪಾಡು ಹಗುರವಲ್ಲ. ಸಹಿ ಹೊಂದುತ್ತಿಲ್ಲವೆಂದು ಬ್ಯಾಂಕಿನಲ್ಲಿ ಚೆಕ್ ವಾಪಸಾಗುತ್ತದೆ. ಓದುಬರಹ ಬಲ್ಲವರು ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಮದುವೆಯ ಪಂಕ್ತಿಯಲ್ಲಿ ಸಾರು ಅಂಗಿಯ ಮೇಲೆ ಬೀಳುವುದೆಂದು ಕೆಲವರು ಊಟಕ್ಕೇ ಹೋಗುವುದಿಲ್ಲ. ನಾಲ್ಕು ಜನರ ಎದುರು ಈ ನಡುಕ ಹೆಚ್ಚುತ್ತದೆ, ಮದ್ಯ ಕುಡಿದಾಗ ಸ್ವಲ್ಪ ಹೊತ್ತು ತಗ್ಗುತ್ತದೆ. ಹಾಗಾಗಿ ಒಮ್ಮೆಯೂ ಕುಡಿಯದವರನ್ನು ಕುಡುಕರೆಂದು ಅನುಮಾನಿಸುವುದೂ ಉಂಟು, ನಡುಕಕ್ಕೆಂದು ಕುಡಿತ ಹಿಡಿದವರೂ ಇದ್ದಾರೆ. ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಕ್ಕೆಂದು ರೂಪಿಸಿದ ಪ್ರೊಪ್ರನೊಲಾಲ್ ಈ ನಡುಕವನ್ನೂ ತಗ್ಗಿಸುವುದು 1970ರ ದಶಕದಲ್ಲಿ ಖಚಿತವಾಯಿತು. ಉಬ್ಬಸವಿದ್ದವರು ಮಾತ್ರ ಅದನ್ನು ಮುಟ್ಟುವಂತಿಲ್ಲ. ಆಮೇಲೆ ಮೂರ್ಛೆರೋಗದ ಪ್ರಿಮಿಡೋನ್ ಸೇರಿತು.

ಬೇರ್ಪಡಿಸಿ ನೋಡುವುದರ ಬೆಲೆ ಎಲ್ಲಕ್ಕಿಂತ ಸ್ಪಷ್ಟವಾಗುವುದು ವಿಲ್ಸನ್ ಕಾಯಿಲೆಯಲ್ಲಿ. 1912ರಲ್ಲಿ ಕಿನಿಯರ್ ವಿಲ್ಸನ್ ವಿವರಿಸಿದ ಈ ಕಾಯಿಲೆಯಲ್ಲಿ ತಾಮ್ರವು ಯಕೃತ್ತು, ಮಿದುಳುಗಳಲ್ಲಿ ಶೇಖರವಾಗುತ್ತದೆ. ನಡುಗುವವರು ಮುದುಕರಲ್ಲ, ಶಾಲೆಗೆ ಹೋಗುವ ಮಕ್ಕಳು, ಹರೆಯದವರು. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು ಬಳೆ ಕಾಣಿಸುತ್ತದೆ. 1956ರಲ್ಲಿ ಜಾನ್ ವಾಲ್ಷ್ ಮೈಯೊಳಗಿನ ತಾಮ್ರವನ್ನು ಹೊರಹಾಕುವ ಪೆನಿಸಿಲಮೈನ್ ಚಿಕಿತ್ಸೆಯನ್ನು ಕಂಡುಕೊಳ್ಳುವವರೆಗೆ ಇದು ಸಾವಿನ ದಾರಿಯಾಗಿತ್ತು; ಇಂದು ಬೇಗ ಗುರುತಿಸಿದರೆ ಮಗು ಓದಿ ಕೆಲಸಕ್ಕೆ ಸೇರಬಹುದು. ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಬರುವ ಕಾಯಿಲೆಯಾದ್ದರಿಂದ ಸೋದರಮಾವ, ಅತ್ತೆಯ ಮಕ್ಕಳ ಜೊತೆ ಮದುವೆ ರೂಢಿಯಲ್ಲಿರುವ ನಮ್ಮ ಕಡೆ ಇದರ ಬಗ್ಗೆ ಎಚ್ಚರ ಇನ್ನೂ ಹೆಚ್ಚು ಬೇಕು. ನಿಮ್ಹಾನ್ಸ್‌ನ ತಜ್ಞರು ಇಂಥ 282 ರೋಗಿಗಳ ವಿವರಗಳನ್ನು 2007ರಲ್ಲಿ ಪ್ರಕಟಿಸಿದರು. ಜಗತ್ತಿನ ದೊಡ್ಡ ಅಧ್ಯಯನಗಳಲ್ಲಿ ಅದೂ ಒಂದು.

ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ ನಡೆಸಿದ, 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನರರೋಗಗಳು ಹಳ್ಳಿಯಲ್ಲಿ ಲಕ್ಷಕ್ಕೆ 4,070, ನಗರದಲ್ಲಿ 2,190 ಜನರಲ್ಲಿ ಕಂಡವು. ನರರೋಗ ತಜ್ಞರು ಹೆಚ್ಚಾಗಿ ಇರುವುದು ನಗರದಲ್ಲಿ. ಲೆವೊಡೊಪಾ-ಕಾರ್ಬಿಡೋಪಾ, ಪ್ರೊಪ್ರನೊಲಾಲ್, ಪೆನಿಸಿಲಮೈನ್ ಮೂರೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ವೈದ್ಯರಲ್ಲಿ ನನ್ನ ಕೋರಿಕೆ ಇಷ್ಟು: ವಯಸ್ಸಾಯಿತು ಎಂದು ಹೇಳಿ ಕಳಿಸುವ ಮುನ್ನ ಆ ಕೈಯನ್ನು ಸುಮ್ಮನಿರಿಸಿ ನೋಡಿ, ಚಾಚಿಸಿ ನೋಡಿ, ನೀರಿನ ಲೋಟ ಎತ್ತಿಸಿ ನೋಡಿ, ನಡುಗುವವರು ಚಿಕ್ಕ ವಯಸ್ಸಿನವರಾದರೆ ಕಣ್ಣಿನ ಪರೀಕ್ಷೆಗೂ ತಾಮ್ರದ ಪರೀಕ್ಷೆಗೂ ತಡಮಾಡದೆ ಬರೆದುಕೊಡಿ.